ಶೆಲ್ಲಿ ಓದಿದ ಸಲಹೆಗಾರ್ತಿ

ಬುತೈನಾ ಶಾಬಾನ್. ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಪಿಎಚ್‌.ಡಿ., ಶೆಲ್ಲಿಯ ಕಾವ್ಯದ ಅಧ್ಯಯನ. ದಬ್ಬಾಳಿಕೆಯನ್ನು ಉಗಿದು ಬರೆದ ಕವಿ ಅವನು, ನೆನಪಿರಲಿ! ಈಕೆಯ ಕೆಲಸ ಏನಾಗಿತ್ತು? ಆಗ ಸಿರಿಯಾದ ಅಧ್ಯಕ್ಷರಾಗಿದ್ದ ಬಶರ್ ಅಲ್ ಅಸಾದ್‌ಗೆ ರಾಜಕೀಯ, ಮಾಧ್ಯಮ ಸಲಹೆ.

2013ರ ಆಗಸ್ಟ್ 21, ನಸುಕು. ಡಮಾಸ್ಕಸ್ ಪಕ್ಕದ ಘೂಟಾದಲ್ಲಿ ಸಾರಿನ್ ವಿಷಾನಿಲ. ಬಿಳಿ ಬಟ್ಟೆ ಸುತ್ತಿ ಸಾಲಾಗಿ ಮಲಗಿಸಿದ ಮಕ್ಕಳು. ಮೈಮೇಲೆ ಗಾಯವೇ ಕಾಣದು.

ಆಮೇಲೆ ಶಾಬಾನ್ ಸ್ಕೈ ನ್ಯೂಸ್ ಕ್ಯಾಮೆರಾ ಮುಂದೆ. ಅಸಾದ್ ವಿರುದ್ಧ ಕಾದಾಡುತ್ತಿದ್ದ ಬಂಡುಕೋರರೇ ಲಟಾಕಿಯಾದ ಹಳ್ಳಿಗಳಿಂದ ಮಕ್ಕಳನ್ನು ಹೊತ್ತು ತಂದು, ಘೂಟಾದಲ್ಲಿ ಕೂಡಿಹಾಕಿ, ವಿಷ ಬಿಟ್ಟರಂತೆ! ವರಸೆ ಗಮನಿಸಿ: ನೀವು ನಂಬಬೇಕಿಲ್ಲ, ಅನುಮಾನ ಹುಟ್ಟಿದರೆ ಸಾಕು.

ಸೆಪ್ಟೆಂಬರ್ 16ಕ್ಕೆ ವಿಶ್ವಸಂಸ್ಥೆಯ ವರದಿ ಬಂತು: ನೆಲದಿಂದ ನೆಲಕ್ಕೆ ಹಾರಿಸುವ ರಾಕೆಟ್‌ಗಳಲ್ಲಿ ಸಾರಿನ್ ಇತ್ತು.

ಅಸಾದ್ ಆಡಳಿತ ಉರುಳಿದ್ದು 2024ರ ಡಿಸೆಂಬರ್ 8ಕ್ಕೆ. ಅಧ್ಯಕ್ಷರು ಮಾಸ್ಕೋಗೆ ಓಡಿದರು.