ಹೇಳಿ ಮಾಡಿಸಿದ ವಸ್ತುವೂ ಕೊಟ್ಟ ಮಾತೂ

ಒಂದು ವಸ್ತುವು ತನ್ನ ಕೆಲಸಕ್ಕೆ ಸರಿಯಾಗಿ ಒಪ್ಪಿದರೆ ಅದು ‘ಹೇಳಿ ಮಾಡಿಸಿದ ಹಾಗಿದೆ’ ಎಂದು ಕನ್ನಡಿಗರು ಹೊಗಳುವುದುಂಟು. ಸಿದ್ಧವಾಗಿ ದೊರೆಯುವುದಕ್ಕಿಂತ ಕೈಕಸುಬಿನವನಿಗೆ ಅಳತೆ ಹೇಳಿ ಮಾಡಿಸಿಕೊಂಡದ್ದೇ ಮೇಲೆಂದು ನಮ್ಮ ಹಿರಿಯರು ಬಗೆದಿದ್ದರೆಂಬುದಕ್ಕೆ ಈ ನುಡಿಗಟ್ಟೇ ಸಾಕ್ಷಿಯಾಗಿದೆ. ಆದರೆ ಹೇಳುವವರ ಹೊಣೆಯೇನು, ಮಾಡುವವನ ಹಕ್ಕೇನು ಎಂಬುದನ್ನು ಇಂದಿನ ಪಟ್ಟಣಿಗರು ಮರೆತಂತೆ ತೋರುತ್ತದೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ರಸ್ತೆಗೂ ಹೆಸರಘಟ್ಟದ ರಸ್ತೆಗೂ ಸಮೀಪವಾಗಿರುವ ಬಾಗಲಗುಂಟೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಹಿಂದೆ ಹಳ್ಳಿಯಾಗಿದ್ದ ಈ ಊರು ದಾಸರಹಳ್ಳಿಯ ನಗರಸಭೆಯ ಆಡಳಿತವನ್ನು ಕಂಡು, 2007ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯೊಳಗೆ ಸೇರಿತು. 2015ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಬಂದಿತು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲೆಂದು ನಾಡಿನ ನಾನಾ ಜಿಲ್ಲೆಗಳಿಂದ ಬಂದವರು ಈ ಭಾಗದಲ್ಲಿ ನೆಲೆಸಿದ್ದಾರೆ. ಮನೆಗಳು ಹೊಸವು, ಬೀದಿಗಳು ಹೊಸವು, ನೆರೆಯವರೂ ಹೊಸಬರು. ಇಂಥ ಊರಿನಲ್ಲಿ ಕೈಕಸುಬಿನವನ ಪಾಡೇನೆಂಬುದು ವಿಚಾರಯೋಗ್ಯವಾಗಿದೆ.

ಹಳ್ಳಿಯ ಕಾಲದಲ್ಲಿ ಬಡಗಿ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರು ಕೇಳಿದವರಿಗೆ ಕೇಳಿದುದನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಬಳಿ ತಮ್ಮ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದರು. ಆ ಪದ್ಧತಿಯಲ್ಲಿ ಅನ್ಯಾಯಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಜಾತಿಯ ಕಟ್ಟೂ ಗೌಡನ ದರ್ಪವೂ ಅದರಲ್ಲಿ ಧಾರಾಳವಾಗಿದ್ದುವು. ಆದರೆ ಹೇಳಿದವನಾರೆಂಬುದು ಮಾಡಿದವನಿಗೆ ಗೊತ್ತಿರುತ್ತಿತ್ತು. ನೇಗಿಲನ್ನು ಮಾಡಿಸಿಕೊಂಡವನು ಊರು ಬಿಟ್ಟು ಓಡಿಹೋಗುವಂತಿರಲಿಲ್ಲ. ಪಟ್ಟಣದ ಸಂತೆಯಲ್ಲಿ ಆ ಪರಿಚಯವೇ ಇಲ್ಲ.

ಸಿದ್ಧ ಸರಕಿಗೆ ಇದರಿಂದ ಹೆಚ್ಚು ಬಾಧೆಯಾಗದು. ಗೌರಿಹಬ್ಬದ ಮುಂಚೆ ಬಾಗಿನಕ್ಕೆಂದು ಹೆಣೆದ ಮೊರಗಳನ್ನು ಒಬ್ಬಾಕೆ ಕೊಳ್ಳದಿದ್ದರೆ ಇನ್ನೊಬ್ಬಾಕೆ ಕೊಂಡಾಳು. ಹೇಳಿ ಮಾಡಿಸಿದ ವಸ್ತುವಿನ ಗತಿಯಾದರೋ ಬೇರೆ. ಗೃಹಪ್ರವೇಶವು ಸಮೀಪಿಸಿದ ಯಜಮಾನನೊಬ್ಬನು ಸಂತೆಯ ಮಳಿಗೆಗೆ ಬಂದು, ತನ್ನ ಮನೆಯ ಹೆಸರನ್ನೂ ತನ್ನ ಹೆಸರನ್ನೂ ತೇಗದ ಹಲಗೆಯ ಮೇಲೆ ಕೆತ್ತಿಕೊಡೆಂದು ಹೇಳಿಹೋದನೆಂದು ಭಾವಿಸೋಣ. ಕುಶಲಿಯು ಸಾಲದ ಹಣದಿಂದ ಮರವನ್ನು ತಂದು, ನಾಲ್ಕು ರಾತ್ರಿ ಕುಳಿತು ಕೆತ್ತಿ, ಎಣ್ಣೆಯ ಮೆರುಗು ಕೊಟ್ಟು ಕಾದಿರುತ್ತಾನೆ. ಯಜಮಾನನಿಗೆ ನಡುವೆ ಬೇರೊಂದೆಡೆ ಅಗ್ಗದ ಹಿತ್ತಾಳೆಯ ಫಲಕವು ದೊರೆಯಿತು, ಅವನು ಬರಲೇ ಇಲ್ಲ. ಆ ಹಲಗೆಯನ್ನು ಈಗ ಕೊಳ್ಳುವವರಾರು? ಅನ್ಯರ ಹೆಸರನ್ನು ತನ್ನ ಬಾಗಿಲಿಗೆ ಯಾರು ತಾನೆ ಹಾಕಿಕೊಂಡಾರು? ಮರವೂ ಹೋಯಿತು, ದುಡಿಮೆಯೂ ಹೋಯಿತು, ಸಾಲ ಮಾತ್ರ ಉಳಿಯಿತು. ಹೇಳಿದವನಿಗೆ ಇದು ಮರೆತುಹೋದ ಒಂದು ಮಾತು. ಮಾಡಿದವನಿಗೆ ಒಂದು ವಾರದ ಅನ್ನ.

ಈ ಕಷ್ಟಕ್ಕೆ ಪರಿಹಾರವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ವ್ಯಾಪಾರವನ್ನು ಕುದುರಿಸಿದೊಡನೆ ಮಾತಿಗೆ ಸಾಕ್ಷಿಯಾಗಿ ಮುಂಗಡ ಕೊಡುವ ಹಣಕ್ಕೆ ‘ಸಂಚಕಾರ’ ಎಂಬ ಹೆಸರಿದ್ದಿತು. ಇಂದು ಅದೇ ಶಬ್ದವು ‘ಕೇಡು’ ಎಂಬರ್ಥದಲ್ಲಿ ಬಳಕೆಯಾಗುತ್ತಿರುವುದು ವಿಪರ್ಯಾಸವೇ ಸರಿ. ಸಂಚಕಾರವನ್ನು ಕೊಡುವ ಪದ್ಧತಿ ತಪ್ಪಿದಲ್ಲಿ ಕುಶಲಿಯ ಬಾಳಿಗೇ ಸಂಚಕಾರ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1930ರ ಸರಕು ಮಾರಾಟದ ಕಾಯಿದೆಯ ಪ್ರಕಾರ, ಇನ್ನು ಮುಂದೆ ತಯಾರಾಗಬೇಕಾದ ವಸ್ತುವಿನ ಬಗೆಗೆ ಆಡಿದ ಮಾತು ಕೂಡಲೇ ಮಾರಾಟವಾಗದೆ, ಮಾರುವ ಒಪ್ಪಂದವಾಗುತ್ತದೆ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಕುಶಲಿಯ ಕೌಶಲವನ್ನೇ ನಂಬಿದ್ದರೆ, ವಸ್ತುವು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಹಾಗೆಯೇ ಕೊಳ್ಳುವವನು ಅನ್ಯಾಯವಾಗಿ ವಸ್ತುವನ್ನು ನಿರಾಕರಿಸಿದರೆ ಮಾರುವವನು ನಷ್ಟವನ್ನು ಕೇಳಬಹುದು. ಆದರೆ ಒಂದು ಹಲಗೆಯ ಬೆಲೆಗಾಗಿ ವಕೀಲರ ಮನೆಯ ಮೆಟ್ಟಿಲನ್ನು ಹತ್ತುವ ಕುಶಲಿ ಎಲ್ಲಿದ್ದಾನೆ? ಮೋಸಹೋದ ಗ್ರಾಹಕನಿಗೆ 2019ರ ಗ್ರಾಹಕ ಸಂರಕ್ಷಣೆಯ ಕಾಯಿದೆಯಂತೆ ಆಯೋಗದ ಬಾಗಿಲು ತೆರೆದಿದೆ. ಮೋಸಹೋದ ಮಾಡುಗನಿಗೆ ಅಂಥ ಸುಲಭದ ಬಾಗಿಲಿಲ್ಲ. ಆದುದರಿಂದ ಅವನಿಗೆ ನಿಜವಾದ ರಕ್ಷಣೆಯೆಂದರೆ ಮೊದಲೇ ಕೈಗೆ ಬಂದ ಹಣವೊಂದೇ.

ಇದರಲ್ಲಿ ಅವಮಾನವೇನೂ ಇಲ್ಲ. ಬಾಗಲಗುಂಟೆಗೆ ಕೂಗಳತೆಯಲ್ಲಿರುವ ಪೀಣ್ಯವನ್ನೇ ನೋಡಬಹುದು. ಅಲ್ಲಿಯ ಸಣ್ಣ ಕಾರ್ಖಾನೆಗಳೂ ಪರರು ಕೊಟ್ಟ ನಕ್ಷೆಯಂತೆ ಬಿಡಿಭಾಗಗಳನ್ನು ಮಾಡಿಕೊಡುತ್ತವೆ. ನಕ್ಷೆ, ಲಿಖಿತ ಆರ್ಡರು, ಗಡುವು, ಹಣದ ಕರಾರು ಇವಿಲ್ಲದೆ ತಿಳಿದ ಮಾಲೀಕನು ಲೇತು ಯಂತ್ರಕ್ಕೆ ಕೈಹಚ್ಚುವನೆ? ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಸಲ್ಲಿಸತಕ್ಕದ್ದೆಂದು 2006ರ ಕಾಯಿದೆಯು ವಿಧಿಸಿದೆ. ಕಬ್ಬಿಣದ ತುಂಡಿಗೆ ಸಲ್ಲುವ ಮರ್ಯಾದೆಯು ತೇಗದ ಹಲಗೆಗೆ, ಬೆತ್ತದ ತೊಟ್ಟಿಲಿಗೆ ಏಕೆ ಸಲ್ಲಬಾರದು? ಕಾರ್ಖಾನೆಯವನು ಮುಂಗಡ ಕೇಳಿದರೆ ಅದು ವ್ಯವಹಾರ, ಸಂತೆಯವನು ಕೇಳಿದರೆ ಅಪನಂಬಿಕೆ ಎಂಬ ಭೇದವು ನ್ಯಾಯವಾದುದಲ್ಲ.

ಕುಶಲಿಗಳ ತಪ್ಪನ್ನೂ ಹೇಳದೆ ಬಿಟ್ಟರೆ ನಾವು ಪಕ್ಷಪಾತಿಗಳಾದೇವು. ನಾಲ್ಕು ಕೆಲಸಗಳನ್ನು ಪೂರೈಸಬಲ್ಲವನು ಹತ್ತನ್ನು ಒಪ್ಪಿಕೊಳ್ಳುವುದು, ಇಂದು ನಾಳೆ ಎಂದು ಅಲೆಸುವುದು, ತೋರಿಸಿದ ಮಾದರಿಯೊಂದು ಕೊಟ್ಟ ವಸ್ತುವೊಂದಾಗುವುದು ಇವೆಲ್ಲ ನಡೆಯುತ್ತಿಲ್ಲವೆಂದು ಯಾರೂ ಹೇಳಲಾರರು. ಗೃಹಪ್ರವೇಶದ ಮರುದಿನ ಬಂದ ಹಲಗೆಯಿಂದ ಪ್ರಯೋಜನವೇನು? ಮುಂಗಡವನ್ನು ಕೇಳುವ ಹಕ್ಕು ಗಡುವನ್ನು ಕಾಯುವ ಹೊಣೆಯೊಡನೆಯೇ ಬರುತ್ತದೆ.

ಆದುದರಿಂದ ನಾವು ಸೂಚಿಸುವ ಮಾರ್ಗವು ಸರಳವಾದುದು. ಪ್ರತಿಯೊಬ್ಬ ಮಳಿಗೆಯವನೂ ಜೋಡಿ ಹಾಳೆಯ ಚೀಟಿಪುಸ್ತಕವೊಂದನ್ನು ಇಟ್ಟುಕೊಳ್ಳಲಿ. ವಸ್ತು, ಅಳತೆ, ಮರ ಇಲ್ಲವೆ ಬಣ್ಣ, ಕೆತ್ತಬೇಕಾದ ಅಕ್ಷರಗಳು, ಬೆಲೆ, ಮುಂಗಡ, ಕೊಡುವ ದಿನ ಇವಿಷ್ಟನ್ನು ಕನ್ನಡದಲ್ಲಿ ಬರೆದು ಇಬ್ಬರೂ ರುಜು ಮಾಡಲಿ. ಇತರರಿಗೂ ಮಾರಬಹುದಾದ ವಸ್ತುವಿಗೆ ಸ್ವಲ್ಪ ಮುಂಗಡವು ಸಾಕು. ಹೆಸರನ್ನು ಕೆತ್ತುವ ವಸ್ತುವಿಗೆ ಅರ್ಧಕ್ಕೆ ಕಡಮೆಯಿರಕೂಡದು, ಏಕೆಂದರೆ ಸಾಮಗ್ರಿಯ ವೆಚ್ಚವಾದರೂ ಅದರಿಂದ ಹುಟ್ಟಬೇಕು. ಗಡುವು ತಪ್ಪಿದರೆ ಹಣವನ್ನು ಹಿಂದಿರುಗಿಸುವುದೆಂದೂ ಅದೇ ಚೀಟಿಯಲ್ಲಿ ಬರೆದಿರಲಿ.

ಇನ್ನು ಅಧಿಕಾರಿವರ್ಗದವರಿಗೆ ಒಂದು ಮಾತು. ನಾಳೆ ಎಲ್ಲಿಗೆ ಅಟ್ಟಲ್ಪಡುವನೋ ತಿಳಿಯದ ಮಳಿಗೆಯವನಿಗೆ ಇಂದು ಮುಂಗಡವನ್ನು ಕೊಡುವ ಧೈರ್ಯ ಯಾರಿಗುಂಟು? ಸ್ಥಿರವಾದ ಸ್ಥಳವಿದ್ದಲ್ಲಿ ಮಾತ್ರ ವಿಶ್ವಾಸವು ಬೇರೂರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆ ಮುಗಿದು ಪ್ರಮಾಣಪತ್ರಗಳನ್ನು ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಆ ಪ್ರಮಾಣಪತ್ರವು ಬರಿಯ ಪರವಾನಗಿಯಲ್ಲ. ಅದು ಗ್ರಾಹಕನಿಗೆ ಮಳಿಗೆಯವನ ವಿಳಾಸ. ನಗರಪಾಲಿಕೆಯವರು ಸಂತೆಯಲ್ಲಿ ಕೈಕಸುಬಿನವರಿಗಾಗಿ ಗೊತ್ತಾದ ಜಾಗವನ್ನೂ ಗೊತ್ತಾದ ವಾರವನ್ನೂ ನಿಗದಿಪಡಿಸಿದರೆ, ಕಾಸು ಖರ್ಚಿಲ್ಲದೆ ದೊಡ್ಡ ಉಪಕಾರವನ್ನು ಮಾಡಿದಂತಾಗುವುದು.

ಸರಕಾರವು ಏನೂ ಮಾಡಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕುಂಬಾರ, ಬುಟ್ಟಿ ಹೆಣೆಯುವವರೇ ಮೊದಲಾದ 18 ಕಸುಬುಗಳವರಿಗೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿಗಳವರೆಗೆ ಸಾಲದ ಏರ್ಪಾಡಿದೆ. ಕೈಉತ್ಪನ್ನಗಳ ಮೇಲೆ ತೆರಿಗೆ ಕೂಡದೆಂದು ಹೆಗ್ಗೋಡಿನ ರಂಗಕರ್ಮಿ ಪ್ರಸನ್ನರವರು 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕುಳಿತುದು ವಾಚಕರಿಗೆ ನೆನಪಿರಬಹುದು. ಸಾಲವೂ ಬೇಕು, ತೆರಿಗೆಯ ವಿನಾಯಿತಿಯೂ ಬೇಕು. ಆದರೆ ಕೊಳ್ಳುವವನು ಕೊಟ್ಟ ಮುಂಗಡಕ್ಕೆ ಬಡ್ಡಿಯಿಲ್ಲ, ಜಾಮೀನಿಲ್ಲ, ಕಛೇರಿಯ ಅಲೆದಾಟವೂ ಇಲ್ಲ. ಅಂಥ ಸಾಲವನ್ನು ಕೊಡುವ ಶಕ್ತಿಯು ನಮ್ಮ ನಿಮ್ಮೆಲ್ಲರ ಜೇಬಿನಲ್ಲಿದೆ.

1905ರಲ್ಲಿ ಎದ್ದ ಸ್ವದೇಶೀ ಚಳುವಳಿಯು ನಮ್ಮವರ ಕೈಯ ವಸ್ತುವನ್ನೇ ಕೊಳ್ಳಿರೆಂದು ಬೋಧಿಸಿತು. ಕೊಳ್ಳುತ್ತೇವೆಂದು ಹೇಳಿ ಕೊಳ್ಳದೆ ಹೋಗುವುದು ಕೊಳ್ಳದಿರುವುದಕ್ಕಿಂತಲೂ ಕೆಟ್ಟುದು. ಹನ್ನೆರಡನೆಯ ಶತಮಾನದಲ್ಲಿಯೇ ಬುಟ್ಟಿ ಹೆಣೆಯುವ ಮೇದರ ಕೇತಯ್ಯನನ್ನು ಶರಣರ ಸಾಲಿನಲ್ಲಿ ಕೂಡಿಸಿ ಕಾಯಕವನ್ನು ಗೌರವಿಸಿದ ನಾಡು ನಮ್ಮದು. ಹಬ್ಬಗಳು ಬರುತ್ತಿವೆ, ಹೊಸ ಮನೆಗಳು ಏಳುತ್ತಿವೆ. ಬಾಗಲಗುಂಟೆಯ ಮಹನೀಯರು ಈ ಸಲ ಸಂತೆಯ ಮಳಿಗೆಯ ಮುಂದೆ ನಿಂತು ‘ಹೀಗೆ ಮಾಡಿಕೊಡಪ್ಪ’ ಎಂದು ಹೇಳುವಾಗ, ಮಾತಿನೊಡನೆ ಹಣವನ್ನೂ ಇಟ್ಟು, ಹೇಳಿದ ದಿನ ತಪ್ಪದೆ ಬರಲಿ.