ವಿಮಾನಕ್ಕೆ ಮುಂಚಿನ ಪಾಡು

ಚೆನ್ನೈನ ಅಡ್ಯಾರಿನಲ್ಲಿ ಗಾಂಧಿನಗರ, ಕಸ್ತೂರಬಾ ನಗರದ ಕಡೆ ನಾಲ್ಕು ಮನೆ ಸುತ್ತಿ ಬಂದರೆ ಒಂದರಲ್ಲಾದರೂ ಹಜಾರದ ಮೂಲೆಯಲ್ಲಿ ದೊಡ್ಡ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಮಲಗಿರುತ್ತದೆ. ಮಗಳ ಬಾಣಂತನಕ್ಕೆ ಹೊರಟವರಿದ್ದಾರೆ, ಮೊಮ್ಮಗನ ಮುಖ ನೋಡಲು ಹೊರಟವರಿದ್ದಾರೆ. ಉಡುಪಿ, ಮೈಸೂರು ಕಡೆಯಿಂದ ಬಂದು ಮದರಾಸಿನಲ್ಲೇ ನೆಲೆನಿಂತ ಕನ್ನಡದ ಕುಟುಂಬಗಳೂ ಅವರಲ್ಲಿವೆ. ಹೊರಡುವ ವಾರ ಬಂತೆಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ವಿಮಾನವೆಂದರೆ ಹೆದರಿಕೆಯೇ ಎಂದು ಕೇಳಿ ನೋಡಿ, ಉತ್ತರ ಸಾಮಾನ್ಯವಾಗಿ ಒಂದೇ: ಸೀಟಿನಲ್ಲಿ ಕೂತ ಮೇಲೆ ಏನೂ ಇಲ್ಲ ಮಾರಾಯ್ರೆ, ಅಲ್ಲಿಯವರೆಗೆ ಹೋಗುವುದೇ ಕಷ್ಟ.

ಗಾಬರಿಯಾದಾಗ ದೀರ್ಘವಾಗಿ ಉಸಿರೆಳೆದು ಬಿಡಿ ಎನ್ನುವ ಉಪದೇಶ ಎಲ್ಲ ಕಡೆ ಸಿಗುತ್ತದೆ. ಉಸಿರಾಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಡ್ಯಾರಿನಿಂದ ಮೀನಂಬಾಕದ ವಿಮಾನ ನಿಲ್ದಾಣಕ್ಕೆ ಹೊರಟವರ ಎದೆ ಹೊಡೆದುಕೊಳ್ಳುವುದು ಟಿಕೆಟ್ಟಿನ ತಾರೀಖಿಗೆ, ಗಿಂಡಿಯ ಟ್ರಾಫಿಕ್ಕಿಗೆ, ಡಿಸೆಂಬರಿನ ಮಳೆಗೆ, ಚೀಲದೊಳಗಿನ ಕೊಬ್ಬರಿಗೆ. ಇವುಗಳನ್ನು ಒಂದೊಂದಾಗಿ ಬಿಡಿಸಿಕೊಂಡರೆ ಉಸಿರು ತನ್ನಷ್ಟಕ್ಕೆ ಸರಿಹೋಗುತ್ತದೆ.

ತಾರೀಖಿನ ಕಥೆ ಮೊದಲು. ಚೆನ್ನೈನಿಂದ ಅಮೆರಿಕಕ್ಕೆ ಹೋಗುವವರು ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್ ಹೀಗೆ ಎಲ್ಲಾದರೂ ಇಳಿದು ಇನ್ನೊಂದು ವಿಮಾನ ಹತ್ತುತ್ತಾರೆ. ಇಲ್ಲಿಂದ ಹೊರಡುವ ವಿಮಾನಗಳಲ್ಲಿ ಹಲವಕ್ಕೆ ನಡುರಾತ್ರಿ ದಾಟಿದ ಹೊತ್ತೇ ಮುಹೂರ್ತ. ಟಿಕೆಟ್ಟಿನಲ್ಲಿ 15ನೇ ತಾರೀಖು, 01:50 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ರಾತ್ರಿ. ಸೂರ್ಯ ಹುಟ್ಟಿದ ಮೇಲೆಯೇ ಹೊಸ ದಿನ ಎನ್ನುವ ಪಂಚಾಂಗದಲ್ಲಿ ಬೆಳೆದವರ ಲೆಕ್ಕದಲ್ಲಿ ಆಗಿನ್ನೂ 14 ಮುಗಿದೇ ಇರುವುದಿಲ್ಲ. ಹೀಗಾಗಿ 15ರ ರಾತ್ರಿ ಊಟ ಮುಗಿಸಿ ಆರಾಮವಾಗಿ ಹೊರಟು, ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂದು ಕೌಂಟರಿನಲ್ಲಿ ತಿಳಿದವರ ಕಥೆ ಪ್ರತಿ ಬಂಧುವರ್ಗದಲ್ಲೂ ಒಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ವಿಮಾನದ ಸಮಯ ಬರೆಯಲೇಬೇಡಿ. 14ರ ಚೌಕದಲ್ಲಿ ‘ರಾತ್ರಿ ಒಂಬತ್ತೂವರೆಗೆ ಮನೆ ಬಿಡುವುದು’ ಎಂದಷ್ಟೇ ಬರೆಯಿರಿ.

ದಾರಿ ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೆ. ಮಧ್ಯ ಕೈಲಾಸ, ಐಐಟಿ, ಗಾಂಧಿ ಮಂಟಪ ದಾಟಿ ಗಿಂಡಿ. ಅಲ್ಲಿಂದ ಕತ್ತಿಪಾರ ಮೇಲ್ಸೇತುವೆ ಹತ್ತಿ ಜಿಎಸ್‌ಟಿ ರಸ್ತೆ. ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುವ ದಾರಿ, ಸಂಜೆ ಆರಕ್ಕೆ ನಿಮ್ಮ ತಾಳ್ಮೆಯನ್ನೆಲ್ಲ ನುಂಗಿಬಿಡುತ್ತದೆ. ಹಗಲಿನ ವಿಮಾನಕ್ಕೆ ನನ್ನ ಮತ ಮೆಟ್ರೊಗೆ. 2016ರ ಸೆಪ್ಟೆಂಬರ್ 21ರಿಂದ ಮೆಟ್ರೊ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತಿದೆ. ಆಟೊ ಹಿಡಿದು ಗಿಂಡಿಗೋ ಚಿನ್ನಮಲೈಗೋ ಹೋಗಿ ನೀಲಿ ಮಾರ್ಗದ ರೈಲು ಹತ್ತಿದರೆ ಮುಂದಿನದಕ್ಕೆ ಗಡಿಯಾರ ನೋಡಬೇಕಿಲ್ಲ. ನಡುರಾತ್ರಿಯ ಪ್ರಯಾಣಿಕರಿಗೆ ಈ ಭಾಗ್ಯವಿಲ್ಲ, ರೈಲು ರಾತ್ರಿ ಹನ್ನೊಂದರ ಸುಮಾರಿಗೆ ನಿಂತುಹೋಗುತ್ತದೆ. ಅಡ್ಯಾರಿಗೇ ಮೆಟ್ರೊ ತರುವ ಎರಡನೇ ಹಂತದ ಕೆಲಸಕ್ಕೆ ಅಡ್ಯಾರ್ ನದಿಯ ಅಡಿಯಲ್ಲಿ ಸುರಂಗ ಕೊರೆದರಲ್ಲ, ಆ ಯಂತ್ರಗಳಲ್ಲಿ ಒಂದರ ಹೆಸರು ಕಾವೇರಿ. ಎರಡು ರಾಜ್ಯಗಳ ನಡುವೆ ಇಷ್ಟು ಸದ್ದು ಮಾಡುವ ಹೆಸರು ಇಲ್ಲಿ ನೆಲದಡಿ ತಣ್ಣಗೆ ಕೆಲಸ ಮಾಡಿದೆ.

ನದಿಯ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಬಡಾವಣೆಗೆ ಹೆಸರು ಕೊಟ್ಟ ಅಡ್ಯಾರ್ ನದಿಯೇ ವಿಮಾನ ನಿಲ್ದಾಣದ ಅಂಚಿನಲ್ಲಿ ಹರಿಯುತ್ತದೆ. ಎರಡನೇ ರನ್‌ವೇಯ ಒಂದು ಭಾಗವನ್ನು ನದಿಯ ಮೇಲೆ ಸೇತುವೆ ಕಟ್ಟಿ ಚಾಚಿದ್ದಾರೆ. 2015ರ ಡಿಸೆಂಬರ್ 1ರಂದು ಚೆಂಬರಂಬಾಕಂ ಕೆರೆಯ ನೀರೂ ಸೇರಿ ನದಿ ಉಕ್ಕಿದಾಗ ಅಡ್ಯಾರಿನ ಪಕ್ಕದ ಕೋಟ್ಟೂರುಪುರದ ಮನೆಗಳೂ ಮೀನಂಬಾಕದ ವಿಮಾನಗಳೂ ಒಂದೇ ನೀರಿನಲ್ಲಿ ನಿಂತಿದ್ದವು. ನಿಲ್ದಾಣ ಹಲವು ದಿನ ಮುಚ್ಚಿತ್ತು. ಅರಕ್ಕೋಣಂನ ನೌಕಾಪಡೆಯ ವಾಯುನೆಲೆಯಿಂದ ಪ್ರಯಾಣಿಕರನ್ನು ಸಾಗಿಸಿದರು. 2016ರ ಡಿಸೆಂಬರಿನಲ್ಲಿ ವರ್ದಾ, 2023ರ ಡಿಸೆಂಬರಿನಲ್ಲಿ ಮಿಚಾಂಗ್, 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಬಂದಾಗಲೂ ವಿಮಾನಗಳು ನಿಂತವು. ಈ ಪಟ್ಟಿ ಹೆದರಿಸಲಿಕ್ಕಲ್ಲ. ಹಿಂಗಾರಿನ ತಿಂಗಳುಗಳಲ್ಲಿ ಟಿಕೆಟ್ ಕೊಳ್ಳುವವರು ಎರಡು ವಿಮಾನಗಳನ್ನು ಎರಡು ಕಂಪನಿಗಳಲ್ಲಿ ಬೇರೆ ಬೇರೆ ಕೊಂಡು ಸಾವಿರ ರೂಪಾಯಿ ಉಳಿಸಲು ಹೋಗಬಾರದು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲ ವಿಮಾನ ಮಳೆಗೆ ಸಿಕ್ಕಿ ಎರಡನೆಯದು ತಪ್ಪಿದರೂ ಮುಂದಕ್ಕೆ ಕಳಿಸುವ ಹೊಣೆ ಕಂಪನಿಯದು. ಬೇರೆ ಬೇರೆಯಾಗಿದ್ದರೆ ದೋಹಾದ ಕೌಂಟರಿನಲ್ಲಿ ನೀವು ಯಾರೋ, ಅವರು ಯಾರೋ.

ಬೆಂಗಳೂರಿಗೆ ಹೋಗುವುದಾದರೆ? ವಿಮಾನ ಬಿಟ್ಟುಬಿಡಿ ಎನ್ನುತ್ತೇನೆ. 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಒಂದೇ ದಿನ ಎರಡು ಉದ್ಘಾಟನೆಗಳಾದವು: ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಮತ್ತು ಮೈಸೂರು–ಚೆನ್ನೈ ವಂದೇ ಭಾರತ್. ಟರ್ಮಿನಲ್ ಸೊಗಸಾಗಿದೆ, ಒಳಗೇ ತೋಟ ಬೆಳೆಸಿದ್ದಾರೆ. ಆದರೆ ಅದು ಇರುವುದು ದೇವನಹಳ್ಳಿಯಲ್ಲಿ. ಆಕಾಶದಲ್ಲಿ ಒಂದು ಗಂಟೆ ನಿಜ. ಅಡ್ಯಾರಿನಿಂದ ಮೀನಂಬಾಕಂ, ಅಲ್ಲಿ ಕಾಯುವುದು, ದೇವನಹಳ್ಳಿಯಿಂದ ಜಯನಗರ ಎಲ್ಲ ಸೇರಿಸಿ ನೋಡಿ. ನಾಲ್ಕೂವರೆ ಗಂಟೆಯ ಆಸುಪಾಸಿನ ರೈಲಿಗೆ ಹೋಲಿಸಿದರೆ ಉಳಿಯುವುದು ಅಷ್ಟರಲ್ಲೇ ಇದೆ. ಈ ಕಡೆಯ ವಿಮಾನ ದಾರಿಯಲ್ಲಿ ಹೊತ್ತು ಕಳೆಯುವುದು ಹೊಸದೇನಲ್ಲ. ಟಾಟಾ ಅವರ ಮೊದಲ ಅಂಚೆ ವಿಮಾನ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಹೊರಟು ಮುಂಬೈ ತಲುಪಿದ್ದು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಹಾರಿಸಿಕೊಂಡು ಬರುವಾಗ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಅಂಚೆಯ ಮೂಟೆಗಳು ತಕರಾರು ಮಾಡುವುದಿಲ್ಲವಲ್ಲ.

ಇನ್ನು ಚೀಲ. ಕನ್ನಡದ ಮನೆಯಿಂದ ಹೊರಡುವ ಚೀಲದಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಇದ್ದೇ ಇರುತ್ತವೆ, ಅವುಗಳ ಜೊತೆ ತಿಪಟೂರಿನ ನಾಲ್ಕು ಕೊಬ್ಬರಿ ಗಿಟುಕು. ಈ ಗಿಟುಕನ್ನು ತೆಗೆದಿಡಿ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ತಪಾಸಣೆಯವರು ಅದನ್ನು ತೆಗೆಸುವಾಗ ಅಜ್ಜಿಯಂದಿರಿಗೆ ಆಗುವ ಅವಮಾನ ಸಣ್ಣದಲ್ಲ. ದೇವರಿಗೆ ಇಡುವ ವಸ್ತು ಬಾಂಬಿನ ಸಾಲಿಗೆ ಸೇರಿದಂತಾಗುತ್ತದೆ. ಪವರ್ ಬ್ಯಾಂಕಿನ ನಿಯಮ ಇದಕ್ಕೆ ತಿರುಗುಮುರುಗು: ದೊಡ್ಡ ಪೆಟ್ಟಿಗೆಯಲ್ಲಿ ಕೂಡದು, ಕೈಚೀಲದಲ್ಲೇ ಇರಬೇಕು. ಬೆಂಕಿ ಹತ್ತಿದರೆ ಕೈಗೆ ಸಿಗುವ ಜಾಗದಲ್ಲಿರಲಿ ಎಂದು. ವಿದೇಶಕ್ಕಾದರೆ ಕೈಚೀಲದ ದ್ರವಗಳ ಡಬ್ಬಿ ತಲಾ 100 ಮಿಲಿಲೀಟರ್ ಮೀರಬಾರದು. ತುಪ್ಪ, ಉಪ್ಪಿನಕಾಯಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದು ಕ್ಷೇಮ. ಪೆಟ್ಟಿಗೆಯನ್ನು ಮನೆಯಲ್ಲೇ ತೂಗಿ. ಕೌಂಟರಿನ ಮುಂದೆ ನೆಲದ ಮೇಲೆ ಎಲ್ಲರೆದುರು ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಮಗನ ಚೀಲಕ್ಕೆ ತುರುಕುವುದನ್ನು ತಪ್ಪಿಸಲು ಒಂದು ಕೊಕ್ಕೆಯ ತಕ್ಕಡಿ ಸಾಕು.

ನಿಲ್ದಾಣದೊಳಗೆ ಒಂದು ಎಚ್ಚರ ಬೇಕು. 2018ರ ಮೇ 1ರಿಂದ ಚೆನ್ನೈ ‘ಮೌನ’ ನಿಲ್ದಾಣವಾಯಿತು. ವಿಮಾನ ಹತ್ತಿರೆಂದು ಮೈಕಿನಲ್ಲಿ ಕರೆಯುವ ಪದ್ಧತಿಗೆ ಕತ್ತರಿ ಬಿತ್ತು. ಕಿವಿಗೆ ಹಿತ, ಒಪ್ಪುತ್ತೇನೆ. ಆದರೆ ಬಸ್ ನಿಲ್ದಾಣದ ಕೂಗಿಗೆ ಕಿವಿ ಒಗ್ಗಿಸಿಕೊಂಡವರು ಯಾರಾದರೂ ಕರೆಯುತ್ತಾರೆಂದು ಕೂತೇ ಇರುತ್ತಾರೆ. ಕಣ್ಣು ಮಂಜಾದವರಿಗೆ ವಿಮಾನದ ವಿವರ ತೋರಿಸುವ ಪರದೆಗಳ ಸಣ್ಣ ಅಕ್ಷರ ಕಾಣುವುದೂ ಇಲ್ಲ. ಗೇಟಿನ ಎದುರಿನ ಕುರ್ಚಿಯನ್ನೇ ಹಿಡಿಯಿರಿ. ಕಾಯುವಾಗ ಬಾಯಾರಿದರೆ, 2025ರ ಫೆಬ್ರವರಿಯಲ್ಲಿ ದೇಶೀಯ ಟರ್ಮಿನಲ್ಲಿನಲ್ಲಿ ತೆರೆದ ಸರ್ಕಾರದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಾ ಹತ್ತು ರೂಪಾಯಿ, ಕಾಫಿ ಇಪ್ಪತ್ತು ಎಂದು ದರ ಗೊತ್ತುಮಾಡಿದ್ದರು. ಚೆನ್ನೈನಲ್ಲಿ ಕಾಫಿ ಚಹಾಕ್ಕಿಂತ ಮೇಲು ಎಂಬುದನ್ನು ಸರ್ಕಾರವೂ ಒಪ್ಪಿದ ಹಾಗಾಯಿತು.

ಇಷ್ಟೆಲ್ಲ ಜಾಗ್ರತೆಯಿಂದ ಬಗೆಹರಿಯದ ಸಂಕಟವೂ ಒಂದಿದೆ. ಅಡ್ಯಾರಿನ ಮಗ್ಗುಲಲ್ಲೇ, ಕೋಟ್ಟೂರುಪುರದಲ್ಲಿ, ವಿದ್ಯಾಸಾಗರ್ ಎಂಬ ಸಂಸ್ಥೆ ಇದೆ. ಸೆರೆಬ್ರಲ್ ಪಾಲ್ಸಿ ಮತ್ತಿತರ ಅಂಗವೈಕಲ್ಯ ಇರುವವರಿಗಾಗಿ 1985ರಲ್ಲಿ ಶುರುವಾದದ್ದು. ಅಲ್ಲಿ ಅಂಗವಿಕಲರ ಹಕ್ಕುಗಳ ಕೆಲಸ ಮಾಡುತ್ತಿದ್ದ, ಸ್ವತಃ ಸೆರೆಬ್ರಲ್ ಪಾಲ್ಸಿ ಇರುವ ರಾಜೀವ್ ರಾಜನ್ ಅವರನ್ನು 2007ರಲ್ಲಿ ಚೆನ್ನೈನಲ್ಲಿ ಒಂದು ವಿಮಾನ ಕಂಪನಿ ಹತ್ತಿಸಿಕೊಳ್ಳಲಿಲ್ಲ. ಒಬ್ಬರೇ ಪ್ರಯಾಣ ಮಾಡುವಂತಿಲ್ಲ ಎಂಬುದು ಅದರ ವಾದ. ಅವರು ಸುಮ್ಮನೆ ಮನೆಗೆ ಹೋಗಲಿಲ್ಲ, ವಿಷಯ ದೇಶದ ಗಮನಕ್ಕೆ ಬಂತು. 2008ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂಗವಿಕಲ ಪ್ರಯಾಣಿಕರ ಬಗ್ಗೆ ನಿಯಮಗಳನ್ನು ಹೊರಡಿಸಿತು. ನಿಯಮ ಬಂದರೂ 2012ರಲ್ಲಿ ಕೋಲ್ಕತ್ತದಲ್ಲಿ, ಸೆರೆಬ್ರಲ್ ಪಾಲ್ಸಿಯೇ ಇರುವ ಜೀಜಾ ಘೋಷ್ ಅವರನ್ನು ಸೀಟಿನಲ್ಲಿ ಕೂತ ಮೇಲೆ ಇಳಿಸಿದರು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇಂಥವರಿಗೆ ‘ಶಾಂತವಾಗಿರಿ’ ಎಂದು ಹೇಳುವ ಧೈರ್ಯ ಯಾರಿಗಿದೆ? ಅವರು ಶಾಂತವಾಗಿರದೇ ಇದ್ದದ್ದರಿಂದಲೇ ಇವತ್ತು ಬೇರೆಯವರ ಪ್ರಯಾಣ ಒಂದಿಷ್ಟು ಹಗುರಾಗಿದೆ.

ಅದರ ಫಲ ಅಡ್ಯಾರಿನ ಅಜ್ಜ ಅಜ್ಜಿಯರಿಗೂ ಸಿಕ್ಕಿದೆ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಕೊಳ್ಳುವಾಗಲೇ, ತಪ್ಪಿದರೆ ಹೊರಡುವುದಕ್ಕೆ 48 ಗಂಟೆ ಮೊದಲು ಕಂಪನಿಗೆ ತಿಳಿಸಬೇಕು. ನಡೆಯಬಲ್ಲವರೂ ಭಾಷೆ ತಿಳಿಯದ ದೇಶದಲ್ಲಿ ದಾರಿ ತೋರಿಸುವವರು ಬೇಕೆಂದು ಗಾಲಿಕುರ್ಚಿ ಕೇಳುತ್ತಾರೆ, ಅವರನ್ನು ಆಡಿಕೊಳ್ಳುವುದು ಸುಲಭ. ಆದರೆ 2024ರ ಫೆಬ್ರವರಿಯಲ್ಲಿ ಮುಂಬೈ ನಿಲ್ದಾಣದಲ್ಲಿ ಗಾಲಿಕುರ್ಚಿ ಸಾಲದೆ, ಹೆಂಡತಿಯ ಕುರ್ಚಿಯ ಪಕ್ಕ ನಡೆದುಹೋದ ಎಂಬತ್ತು ವರ್ಷದ ಹಿರಿಯರೊಬ್ಬರು ಕುಸಿದು ತೀರಿಕೊಂಡರು. ಕಂಪನಿಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ದಾರಿ ತೋರಿಸಲು ಒಬ್ಬ ಜೊತೆಗಾರ ಸಾಕು ಎನ್ನುವವರಿಗೆ ಬೇರೆ ವ್ಯವಸ್ಥೆ ಮಾಡಿಕೊಡುವುದು ನಿಲ್ದಾಣಗಳ ಕೆಲಸ. ಮೇಲ್ನೋಟಕ್ಕೆ ಕಾಣದ ತೊಂದರೆ ಇರುವವರು, ಆಟಿಸಂ ಇರುವ ಮಕ್ಕಳು ಹಾಕಿಕೊಳ್ಳುವ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಶುರುವಾಯಿತು, ಬೆಂಗಳೂರು ನಿಲ್ದಾಣವೂ ಅದನ್ನು ತಂದಿದೆ. ಪಟ್ಟಿ ಕಂಡ ಸಿಬ್ಬಂದಿ ಅವಸರ ಮಾಡಬಾರದು, ಅಷ್ಟೇ ಅದರ ಅರ್ಥ.

ವಿಮಾನ ತಡವಾದಾಗ ನಿಮಗೇನು ಬರಬೇಕು ಎಂಬುದೂ ಬರೆದಿಟ್ಟ ನಿಯಮವೇ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ದೇಶದೊಳಗಿನ ವಿಮಾನ ಆರು ಗಂಟೆ ಮೀರಿ ತಡವಾಗುವುದಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಆಯ್ಕೆ ಪ್ರಯಾಣಿಕರದು. ರಾತ್ರಿ ಎಂಟರಿಂದ ಬೆಳಗಿನ ಮೂರರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೋಣೆಯೂ ಸಿಗಬೇಕು. ಚಂಡಮಾರುತದಂಥ ಸಂದರ್ಭದಲ್ಲಿ ನಗದು ಪರಿಹಾರದ ಹೊಣೆಯಿಂದ ಕಂಪನಿಗೆ ವಿನಾಯಿತಿ ಇದೆ. ಈ ನಿಯಮಗಳನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಂಡಿರಿ. ಕೌಂಟರಿನಲ್ಲಿ ದನಿ ಏರಿಸಬೇಡಿ, ನಿಯಮವನ್ನು ತೋರಿಸಿ ಕೇಳಿ. ಎದುರಿಗೆ ನಿಂತ ಹುಡುಗಿ ಪಲ್ಲಾವರದಿಂದಲೋ ತಾಂಬರದಿಂದಲೋ ಬೆಳಗಿನ ಜಾವಕ್ಕೆ ಹೊರಟು ಬಂದಿರುತ್ತಾಳೆ, ವಿಮಾನ ಎಲ್ಲಿದೆ ಎಂದು ಅವಳಿಗೂ ಯಾರೂ ಹೇಳಿರುವುದಿಲ್ಲ.