ಗುಮಾಸ್ತನ ಕೈ ನಡುಗಿದಾಗ

ಇಟಲಿಯ ಪೇಶಾ ಪಟ್ಟಣದ ಕನ್ಯಾಸ್ತ್ರೀ ಮಠಕ್ಕೆ ಬೆನೆಡೆಟ್ಟಾ ಕಾರ್ಲೀನಿ ಸೇರಿದ್ದು ಒಂಬತ್ತರ ಎಳೆವಯಸ್ಸಿನಲ್ಲಿ. ಮೂವತ್ತು ತುಂಬುವ ಮೊದಲೇ ಮಠಾಧ್ಯಕ್ಷೆಯಾದಳು. ತನಗೆ ಕ್ರಿಸ್ತನ ದರ್ಶನವಾಗುತ್ತಿದೆಯೆಂದಳು. ಆತನ ಗಾಯದ ಗುರುತುಗಳನ್ನು ಮೈಮೇಲೆ ತೋರಿದಳು. ಊರು ನಂಬಿತು. 1619ರ ವಿಚಾರಣೆಯಲ್ಲಿ ಧರ್ಮಾಧಿಕಾರಿಗಳೂ ಒಪ್ಪಿದರು.

1622–23ರಲ್ಲಿ ಮತ್ತೆ ವಿಚಾರಣೆ ನಡೆಯಿತು. ಗಾಯಗಳನ್ನು ಸೂಜಿಯಿಂದ ತಾನೇ ಮಾಡಿಕೊಂಡಳೆಂದು ಮಠದವರು ದೂರಿದರು. ಆಕೆಯ ಆರೈಕೆಗಿದ್ದ ಕಿರಿಯ ಸನ್ಯಾಸಿನಿ ಬಾರ್ತೊಲೊಮೆಯಾ ಹೇಳಿದ್ದೇ ಬೇರೆ: ಸ್ಪ್ಲೆಂಡಿಟೆಲ್ಲೊ ಎಂಬ ದೇವದೂತನ ಹೆಸರಿನಲ್ಲಿ ಬೆನೆಡೆಟ್ಟಾ ಎರಡು ವರುಷ ತನ್ನೊಡನೆ ಬಲವಂತದ ದೇಹಸಂಬಂಧ ನಡೆಸಿದಳು! ಅದುವರೆಗೆ ಅಚ್ಚುಕಟ್ಟಾಗಿದ್ದ ಗುಮಾಸ್ತನ ಅಕ್ಷರ ಆ ಪುಟದಲ್ಲಿ ಓದಲಾಗದಷ್ಟು ಕೆಟ್ಟಿದೆ. ದಿನವಿಡೀ ಲೇಖನಿ ಹಿಡಿಯುವ ನಮ್ಮ ವಾಚಕರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ‘ಬಲವಂತ’ ಎಂಬ ಮಾತನ್ನು ಮಾತ್ರ ನಾವು ಎಚ್ಚರದಿಂದ ಓದಬೇಕು. ಒಪ್ಪಿ ನಡೆದೆನೆಂದಿದ್ದರೆ ಬಾರ್ತೊಲೊಮೆಯಾ ಶಿಕ್ಷೆಯಿಂದ ಪಾರಾಗುವುದು ಕಷ್ಟವಿತ್ತು.

ದರ್ಶನವೆಲ್ಲ ಸೈತಾನನ ಮೋಸವೆಂದು ತೀರ್ಪಾಯಿತು. ಫ್ಲಾರೆನ್ಸಿನ ಸರಕಾರಿ ದಫ್ತರದಲ್ಲಿದ್ದ ಈ ಕಾಗದಗಳಿಂದ ಜೂಡಿತ್ ಬ್ರೌನ್ ಎಂಬ ಇತಿಹಾಸಕಾರ್ತಿ 1986ರಲ್ಲಿ ಗ್ರಂಥ ರಚಿಸಿದರು.

ಬೆನೆಡೆಟ್ಟಾ 35 ವರುಷ ಮಠದೊಳಗೇ ಸೆರೆಯಲ್ಲಿದ್ದು, 1661ರಲ್ಲಿ, 71ರ ವಯಸ್ಸಿನಲ್ಲಿ ತೀರಿಕೊಂಡಳು. ಸುದ್ದಿ ಕೇಳಿ ಊರ ಜನ ಆಕೆಯನ್ನು ಕಾಣಲು ಮುಗಿಬಿದ್ದರು. ಮಠದವರು ಇಗರ್ಜಿಯ ಬಾಗಿಲಿಗೆ ಅಗಳಿ ಹಾಕಬೇಕಾಯಿತು.